ತಾಲೀಮಿನ ಕೋಣೆ

ಎರಡನೇ ಮಹಡಿಯ ಕೊನೆಗೆ, ಹಿಂದೆ ಹಾಸಿಗೆ ಬಟ್ಟೆ ಮಡಚಿಡುತ್ತಿದ್ದ ಪುಟ್ಟ ಕೋಣೆಯಲ್ಲಿ, ಆ ಆಸ್ಪತ್ರೆಯ ನೆನಪೆಲ್ಲ ಒಂದೇ ಸರ್ವರಿನ ಹೊಟ್ಟೆಯಲ್ಲಿತ್ತು. ಒಂದು ಯಂತ್ರ, ನಾಲ್ಕು ಸಂಸಾರ. ಪ್ರಯೋಗಾಲಯಕ್ಕೊಂದು ಡೇಟಾಬೇಸ್, ಔಷಧಿ ವಿಭಾಗಕ್ಕೊಂದು, ಬಟ್ಟೆ ಒಗೆಯುವವರಿಗೊಂದು, ಹಾಲಿನ ಬ್ಯಾಂಕಿಗೊಂದು. ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ಬಾಗಿಲು, ಬೇರೆ ಕೋಣೆ. ಆದರೆ ನೆಲ ಒಂದೇ, ಗಾಳಿ ಒಂದೇ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮುದುರಿಕೊಳ್ಳಬೇಕು. ಇವುಗಳ ಜೊತೆಗೆ ಐದನೆಯದೊಂದಿತ್ತು, ತಾಲೀಮಿನ ಕೋಣೆ. ಹೊಸದೇನಿದ್ದರೂ ಮೊದಲು ಅಲ್ಲಿ ಮಾಡಿ ನೋಡುವುದು. ಅಲ್ಲಿ ಏನು ಒಡೆದರೂ ಕೇಳುವವರಿಲ್ಲ.

ಇಷ್ಟನ್ನೂ ನೋಡಿಕೊಳ್ಳುತ್ತಿದ್ದವಳನ್ನು ಆಸ್ಪತ್ರೆಯವರು ಸರ್ವರಮ್ಮ ಅನ್ನುತ್ತಿದ್ದರು. ಮೊದಮೊದಲು ಅವಳಿಗೆ ಮುಜುಗರವಾಗುತ್ತಿತ್ತು. ಆಮೇಲೆ ಒಂದು ದಿನ ಶಾಲೆಯಲ್ಲಿ ಟೀಚರು, ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ದಕ್ಕೆ ಆರು ವರ್ಷದ ಮಗಳು, "ನಾಲ್ಕು ಮನೆಯವರು ಜಗಳ ಆಡದ ಹಾಗೆ ನೋಡ್ಕೋತಾಳೆ" ಅಂದಳಂತೆ. ಅಂದಿನಿಂದ ಆ ಅಡ್ಡಹೆಸರು ಅವಳಿಗೆ ಒಗ್ಗಿಹೋಯಿತು.

ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಡಿಸ್ಕು ತುಂಬಿತು. ಔಷಧಿ ವಿಭಾಗದವರು ಪರದೆ ಸುತ್ತುತ್ತಲೇ ಇದೆ ಎಂದು ಫೋನ್ ಮಾಡಿದರು. ಬಟ್ಟೆಯವರು ಮಾಡಿದರು. ಪ್ರಯೋಗಾಲಯದವರು ಎರಡು ಸಲ ಮಾಡಿದರು. ತಕ್ಷಣ ಎಲ್ಲಾದರೂ ಜಾಗ ಮಾಡಬೇಕಿತ್ತು. ಅವಳು ಯೋಚಿಸಿದ್ದು ಯಾರಾದರೂ ಯೋಚಿಸುವುದನ್ನೇ: ತಾಲೀಮಿನದನ್ನು ಖಾಲಿ ಮಾಡಿದರಾಯಿತು. ಹೀಗೆ ಅಳಿಸುವ ಮುಂಚೆ ಆ ಡೇಟಾಬೇಸನ್ನು ನಿಲ್ಲಿಸುವುದು ಕ್ರಮ. ಅಲ್ಲಿ ಯಾರಿದ್ದಾರೆ ನಿಲ್ಲಿಸಲಿಕ್ಕೆ ಅಂದುಕೊಂಡು ಆ ಕ್ರಮವನ್ನೂ ಬಿಟ್ಟು, ತಾಲೀಮಿನ ಕೋಣೆಯೊಳಗಿನ ಕಡತಗಳನ್ನೆಲ್ಲ ಒಂದೇ ಏಟಿಗೆ ಅಳಿಸಿದಳು. ಹತ್ತು ಗಂಟೆ ಹನ್ನೆರಡು ನಿಮಿಷವಾಗಿತ್ತು.

ವಿಚಿತ್ರವೆಂದರೆ ಜಾಗವೇ ಆಗಲಿಲ್ಲ. ಅಳಿಸಿದ್ದು ಅಳಿಸಿದಂತೆಯೇ ಇದ್ದರೂ ಡಿಸ್ಕು ಇನ್ನೂ ತುಂಬಿಯೇ ಇದೆ ಎನ್ನುತ್ತಿತ್ತು. ಅವಳು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಾಗ ಬಾಗಿಲು ತೆರೆಯಿತು.

ಹಾಲಿನಕ್ಕ. ತಾಯಂದಿರು ದಾನ ಕೊಟ್ಟ ಎದೆಹಾಲನ್ನು ದಿನ ತುಂಬದೆ ಹುಟ್ಟಿದ ಕೂಸುಗಳಿಗೆಂದು ಕಾದಿಡುವ ಹಾಲಿನ ಬ್ಯಾಂಕನ್ನು ಹನ್ನೊಂದು ವರ್ಷದಿಂದ ನಡೆಸುತ್ತಿರುವ ಹಿರಿಯ ನರ್ಸು. ಯಾವತ್ತೂ ಓಡದ ಹೆಂಗಸು, ಈಗ ಏದುಸಿರು ಬಿಡುತ್ತಿದ್ದಳು.

"ಏನೇ ಮಾಡಿದೆ? ಬಾಟಲಿ ನಂಬರ್ ಹೊಡೆದ್ರೆ ಅಂಥದ್ದು ಇಲ್ಲ ಅಂತಿದೆ. ಒಂದಲ್ಲ, ಯಾವುದು ಹೊಡೆದ್ರೂ ಅದೇ ಕಥೆ."

"ಡಿಸ್ಕ್ ತುಂಬಿತ್ತು ಅಕ್ಕ, ತಾಲೀಮಿನದನ್ನ ಮಾತ್ರ..." ಎನ್ನುತ್ತಿದ್ದ ಸರ್ವರಮ್ಮನ ಮಾತು ಅಲ್ಲೇ ನಿಂತಿತು. ಮೂರು ತಿಂಗಳ ಹಿಂದಿನ ಒಂದು ಮಧ್ಯಾಹ್ನ, ಯಾರೋ ಹಿಂದಿನಿಂದ ಬಂದು ಹೆಗಲು ಮುಟ್ಟಿದ ಹಾಗೆ, ನೆನಪಿಗೆ ಬಂತು.

ಆವತ್ತು ಹಾಲಿನ ಡೇಟಾಬೇಸ್ ಇದ್ದ ಡಿಸ್ಕಿನ ಭಾಗ ಕೈಕೊಟ್ಟಿತ್ತು. ಎರಡು ದಿನದ ಮಟ್ಟಿಗೆ ಇರಲಿ ಎಂದು ಅವಳೇ ಹಾಲಿನ ಸಂಸಾರವನ್ನು ತಾಲೀಮಿನ ಕೋಣೆಗೆ ಸಾಗಿಸಿ, ಹಾಲಿನಕ್ಕನ ಪರದೆಯನ್ನು ಆ ಬಾಗಿಲಿಗೆ ತಿರುಗಿಸಿದ್ದಳು. ಕೆಲಸ ಮುಗಿಯುವಷ್ಟರಲ್ಲಿ ಶಾಲೆಯಿಂದ ಫೋನ್ ಬಂದಿತ್ತು, ಮಗಳಿಗೆ ಮೈ ಕೆಂಡದ ಹಾಗೆ ಸುಡುತ್ತಿದೆ ಎಂದು. ಒಂದು ಚೀಟಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿ ಓಡಿದ್ದಳು. ಜ್ವರ ಇಳಿಯಲು ಎಂಟು ದಿನ ಹಿಡಿಯಿತು. ಅವಳು ಕೆಲಸಕ್ಕೆ ಬಂದಾಗ ಚೀಟಿ ಇರಲಿಲ್ಲ, ಎಲ್ಲ ಸರಿಯಾಗಿ ನಡೆಯುತ್ತಿತ್ತು, ಇನ್ನೂರು ಕೆಲಸ ಕಾದಿದ್ದವು. ಎರಡು ದಿನಕ್ಕೆಂದು ಬಂದ ನೆಂಟ ಮನೆಯವನೇ ಆಗಿಹೋದ. ಹೊರಗಿನ ಹೆಸರು ಮಾತ್ರ 'ತಾಲೀಮು' ಎಂದೇ ಉಳಿಯಿತು.

"ನಕಲು ಇರ್ಬೇಕಲ್ಲ? ದಿನಾ ತೆಗೀತೀಯ ತಾನೆ?" ಹಾಲಿನಕ್ಕ ಕೇಳಿದಳು.

ದಿನಾ ತೆಗೆಯುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ. ಆದರೆ ನಕಲು ತೆಗೆಯುವ ಕೆಲಸ ಹೆಸರು ಹಿಡಿದು ನಡೆಯುತ್ತಿತ್ತು. 'ಹಾಲು' ಎಂಬ ಹೆಸರಿನ ಹಳೆಯ ಕೋಣೆ, ರಿಪೇರಿಯಾಗಿ ಖಾಲಿ ಕೂತದ್ದು, ತೊಂಬತ್ತು ದಿನ ಶ್ರದ್ಧೆಯಿಂದ ನಕಲಾಗಿತ್ತು. ಮುಚ್ಚಿದ ಅಂಗಡಿಗೆ ಕಾವಲು ಕಾದಂತೆ. ತಾಲೀಮಿಗೆ ಯಾರು ನಕಲು ತೆಗೆಯುತ್ತಾರೆ?

"ಇಲ್ಲ ಅಕ್ಕ."

ಹಾಲಿನಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ನಿಧಾನವಾಗಿ ಹೇಳಿದಳು. "ನೂರೆಂಬತ್ತು ಬಾಟಲಿ ಇದೆ ನನ್ನ ಫ್ರೀಜರಿನಲ್ಲಿ. ಮೇಲಿರೋದು ನಂಬರ್ ಒಂದೇ. ಯಾವ ತಾಯಿಯದು, ಪರೀಕ್ಷೆಯಲ್ಲಿ ಪಾಸೋ ಫೇಲೋ, ಎಲ್ಲಾ ಒಳಗಿತ್ತು. ಅದರಲ್ಲಿ ಐದು ಕೆಟ್ಟಿದೆ, ಶನಿವಾರ ಎಸೀಬೇಕು ಅಂತಿದ್ದೆ. ಯಾವ ಐದು ಅಂತ ದೇವರಿಗೇ ಗೊತ್ತು."

"ಕಾಗದದಲ್ಲಿ ಏನೂ..."

"ಒದ್ದೆ ಕೈಯಲ್ಲಿ ಬರೆದದ್ದು ಕಲಸಿಹೋಗುತ್ತೆ ಅಂತ ಕಾಗದ ಬಿಡಿಸಿದ್ದು ನೀನೇ ಅಲ್ವೇನೇ." ಗೋಡೆಯ ಗಡಿಯಾರ ನೋಡಿದಳು. "ಒಂಬತ್ತು ಕೂಸು. ಹನ್ನೆರಡಕ್ಕೆ ಮುಂದಿನ ಹಾಲು. ಬಾಟಲಿ ಕರಗೋಕೆ ಹತ್ತಿಪ್ಪತ್ತು ನಿಮಿಷ ಬೇಕು. ಡಬ್ಬಿ ಹಾಲು ಆ ಕರುಳಿಗೆ ಆಗಲ್ಲ, ಅದು ನಿನಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ಆರು ವರ್ಷದ ಹಿಂದೆ ಏಳು ತಿಂಗಳಿಗೇ ಹುಟ್ಟಿದ ಅವಳ ಮಗಳು, ಅಂಗೈಯಷ್ಟಿದ್ದವಳು, ಅಮ್ಮನ ಎದೆಗೆ ಇನ್ನೂ ಹಾಲು ಇಳಿಯದಿದ್ದ ಹೊತ್ತಿನಲ್ಲಿ ಯಾರೋ ಹೆಸರು ಗೊತ್ತಿಲ್ಲದ ತಾಯಂದಿರ ಹಾಲು ಕುಡಿದು ಬದುಕಿದ್ದು ಇದೇ ಫ್ರೀಜರಿನಿಂದ. ಕೊಡುತ್ತಿದ್ದವಳು ಇದೇ ಹಾಲಿನಕ್ಕ. ಈಗ ಆ ಹುಡುಗಿಗೆ ಮುಂದಿನ ಹಲ್ಲು ಬಿದ್ದಿದೆ.

ಸರ್ವರಮ್ಮ ಫೋನ್ ಎತ್ತಿಕೊಂಡಳು. ಅವಳಿಗೆ ತೋಚಿದ್ದು ಒಂದೇ ನಂಬರು: ಮೇಷ್ಟ್ರು. ಈ ಐದು ಕೋಣೆ ಕಟ್ಟಿ, ಕೆಲಸ ಕಲಿಸಿ, ನಿವೃತ್ತರಾದವರು.

"ಏನಮ್ಮಾ, ಇಷ್ಟು ಹೊತ್ತಿಗೆ ನೆನಪು? ಏನೋ ಮುರಿದಿರಬೇಕು," ಅಂದರು ಆ ಕಡೆಯಿಂದ.

ಅವಳು ಒಂದೇ ಉಸಿರಿಗೆ ಹೇಳಿದಳು. ಆ ಕಡೆ ನೀರಿನ ನಲ್ಲಿ ನಿಲ್ಲಿಸಿದ ಸದ್ದು ಕೇಳಿತು.

"ಅಳಿಸೋ ಮುಂಚೆ ಅದನ್ನ ನಿಲ್ಲಿಸಿದ್ಯಾ?"

"ಇಲ್ಲ ಸರ್. ಅವಸರದಲ್ಲಿ ಬಿಟ್ಟೆ. ನನ್ನದೇ ತಪ್ಪು, ನೀವು ನೂರು ಸಲ..."

"ತಪ್ಪು ಒಪ್ಕೊಳ್ಳೋಕೆ ಸಂಜೆವರೆಗೂ ಟೈಮಿದೆ. ಈಗ್ಲೂ ಅದು ಓಡ್ತಾ ಇದ್ಯಾ ನೋಡು."

ನೋಡಿದಳು. ಓಡುತ್ತಿತ್ತು. ತನ್ನ ಕಡತಗಳೆಲ್ಲ ಹೋದ ಮೇಲೂ, ಕೆಲಸ ಮುಂದುವರಿಸಿಕೊಂಡು, ಅದು ಓಡುತ್ತಲೇ ಇತ್ತು.

"ಹಾಗಿದ್ರೆ ಮುಟ್ಟಬೇಡ," ಅಂದರು ಮೇಷ್ಟ್ರು. ಅವರ ದನಿ ತಗ್ಗಿತು. "ಕೇಳು ಮಗಳೇ. ನೀನು ಅಳಿಸಿದ್ದು ಕಡತದ ಹೆಸರನ್ನ, ಅದಕ್ಕೇ ಹುಡುಕಿದ್ರೆ ಇಲ್ಲ ಅನ್ನೋದು. ಅದು ತೆರೆದಿದ್ದ ಕಡತಗಳನ್ನ ಇನ್ನೂ ಕೈಯಲ್ಲಿ ಹಿಡ್ಕೊಂಡಿದೆ. ಅದಕ್ಕೇ ನಿನಗೆ ಜಾಗ ಆಗದೇ ಇರೋದು. ಅದು ಹಿಡಿದಿರೋವರೆಗೂ ಕಡತ ಇರುತ್ತೆ. ಅದು ನಿಂತರೆ, ಕೈ ಬಿಟ್ಟರೆ, ಮುಗೀತು. ಅದು ಹಿಡಿದುಕೊಂಡಿರೋ ಜಾಗಕ್ಕೇ ಹೋಗಿ ಒಂದೊಂದೇ ಹೊರಗಿನ ಡಿಸ್ಕಿಗೆ ನಕಲು ಮಾಡ್ಕೋ. ನಡುವೆ ಒಂದು ಸೀನೂ ಸೀನಬಾರದು ಆ ಯಂತ್ರ."

ಅವಳು ಫೋನ್ ಇಡುವುದಕ್ಕೂ, ಲೈಟಣ್ಣ ಒಳಗೆ ಬರುವುದಕ್ಕೂ ಸರಿಹೋಯಿತು. ಆಸ್ಪತ್ರೆಯ ಎಲೆಕ್ಟ್ರಿಷಿಯನ್, ಐವತ್ತೈದರ ಮೇಲಿನವನು. ಪ್ರಪಂಚದ ಸಕಲ ರೋಗಕ್ಕೂ ಅವನ ಹತ್ತಿರ ಒಂದೇ ಮದ್ದು. ಯಾವುದೋ ವಾರ್ಡಿನವರು ಅವನಿಗೂ ದೂರು ಹೇಳಿದ್ದರು. ಬಂದವನೇ ಸೀದಾ ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿ, "ಒಂದ್ಸಲ ಆಫ್ ಮಾಡಿ ಆನ್ ಮಾಡಿಬಿಡ್ಲಾ? ಹೂವಿನ ಹಾಗೆ ಎದ್ದು ಕೂರುತ್ತೆ," ಅಂದ.

ಸರ್ವರಮ್ಮ ಎದ್ದದ್ದು, ಅವನ ಮಣಿಕಟ್ಟು ಹಿಡಿದದ್ದು ಅವಳಿಗೇ ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದಿತ್ತು.

"ಅಣ್ಣ, ಅದನ್ನ ಮುಟ್ಟಿದ್ರೆ ಒಂಬತ್ತು ಮಕ್ಕಳಿಗೆ ಹಾಲಿಲ್ಲ."

ಲೈಟಣ್ಣ ಅವಳ ಮುಖ ನೋಡಿದ, ಹಾಲಿನಕ್ಕನ ಮುಖ ನೋಡಿದ. ಕೈ ಮೆಲ್ಲಗೆ ಬಿಡಿಸಿಕೊಂಡು ಕುರ್ಚಿ ಎತ್ತಿ ನಿಲ್ಲಿಸಿದ. "ಸರಿ ಬಿಡಮ್ಮ. ಹಾಗಾದ್ರೆ ನಾನು ಬಾಗಿಲಲ್ಲಿ ನಿಂತಿರ್ತೀನಿ. ನನ್ನಂಥೋರು ಇನ್ನೂ ಬರ್ತಾರೆ," ಅಂದ.

ಹೊರಗಿನ ಡಿಸ್ಕನ್ನು ಸಿಕ್ಕಿಸಲು ಯಂತ್ರದ ಹಿಂದೆ ಕೈ ಹಾಕಿದಾಗ ಬೆರಳಿಗೆ ಏನೋ ಅಂಟಿತು. ಧೂಳು ಮೆತ್ತಿದ ಒಂದು ಚೀಟಿ. ಅವಳದೇ ಅಕ್ಷರ: 'ಹಾಲು ಈಗ ತಾಲೀಮಿನಲ್ಲಿದೆ, ಮರೆಯಬೇಡ.' ಅದನ್ನು ಜೇಬಿಗೆ ಹಾಕಿಕೊಂಡಳು. ನೋಡುತ್ತಾ ಕೂರಲು ಪುರುಸೊತ್ತಿರಲಿಲ್ಲ.

ಇನ್ನೊಂದು ಭಯ ಈಗ ಎದ್ದಿತು. ಎಲ್ಲರೂ ಒಟ್ಟಿಗೆ ಕೆಲಸ ಮಾಡಿ ಯಂತ್ರದ ಮೆಮೊರಿ ಸಾಲದೆ ಹೋದಾಗ, ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ಒಳಗಿರುವವರಲ್ಲಿ ಒಬ್ಬರನ್ನು ಕೊಲ್ಲುತ್ತದೆ. ಹಾಗೆ ಬಲಿ ಕೊಡುವ ಹೊತ್ತು ಬಂದರೆ ಮೊದಲು ಯಾರು ಅಂತ ಗುರುತು ಹಾಕಿಟ್ಟವಳೂ ಅವಳೇ. ತಾಲೀಮು. ಆ ಗುರುತನ್ನು ಈಗ ಅಳಿಸಿದಳು. ಅಷ್ಟಕ್ಕೇ ಧೈರ್ಯ ಬರಲಿಲ್ಲ. ಮೆಮೊರಿಯಲ್ಲಿ ಉಳಿದದ್ದು ಬೊಗಸೆಯಷ್ಟು, ಗುರುತಿಲ್ಲದಿದ್ದರೂ ಯಂತ್ರ ಯಾರ ಕುತ್ತಿಗೆಗೆ ಕೈ ಹಾಕುತ್ತದೋ ಹೇಳಲಾಗದು. ಉಳಿದ ಮೂರು ಸಂಸಾರ ಸ್ವಲ್ಪ ಹೊತ್ತು ಮನೆ ಖಾಲಿ ಮಾಡಲೇಬೇಕು.

ಬಟ್ಟೆಯವರಿಗೆ ಫೋನ್ ಮಾಡಿದಳು. "ನಿಲ್ಲಿಸಿ ತಾಯಿ, ಕೊಳೆ ಬಟ್ಟೆ ಎಲ್ಲಿಗೂ ಓಡಿಹೋಗಲ್ಲ," ಅಂದರು. ಔಷಧಿ ವಿಭಾಗದವರು ಗೊಣಗಿ, ಕಾಗದ ಪೆನ್ನು ಹುಡುಕುತ್ತೇವೆ ಅಂದರು. ಉಳಿದದ್ದು ಪ್ರಯೋಗಾಲಯ, ಎಲ್ಲರಿಗಿಂತ ಹೆಚ್ಚು ಮೆಮೊರಿ ತಿನ್ನುವವರು. ಅಲ್ಲಿನ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ ಗಡಿಯಾರ ಅನ್ನುತ್ತಿದ್ದರು. ಅವರ ಕಾಫಿ ಬರುವುದು ಅರ್ಧ ನಿಮಿಷ ತಡವಾದರೂ ಕೈಗಡಿಯಾರ ತಟ್ಟಿ ತೋರಿಸುವ ಜಾತಿ.

"ಆಗಲ್ಲ," ಅಂದರು ಫೋನಿನಲ್ಲಿ. "ಹನ್ನೊಂದಕ್ಕೆ ನನ್ನ ವರದಿಗಳು ಹೊರಡಬೇಕು. ಹೊರಗೆ ನಲವತ್ತು ಜನ ಕೂತಿದ್ದಾರೆ. ಅವರೂ ರೋಗಿಗಳೇ."

ಅದೂ ಸುಳ್ಳಲ್ಲ. ಹಾಲಿನಕ್ಕ ಅವಳ ಕೈಯಿಂದ ಫೋನ್ ತೆಗೆದುಕೊಂಡಳು.

"ಸರ್, ನಾನು. ನಿಮ್ಮ ನಲವತ್ತು ಜನಕ್ಕೆ ಬಾಯಿದೆ, ತಡ ಆದ್ರೆ ನಿಮ್ಮನ್ನ ಬೈತಾರೆ. ನನ್ನೋರಿಗೆ ಅಳೋಕೂ ಶಕ್ತಿ ಇಲ್ಲ. ಕೆಳಗೆ ಬಂದು ನೋಡಿ, ಆಮೇಲೆ ಬೇಕಾದ್ರೆ ಆಗಲ್ಲ ಅನ್ನಿ."

ಆ ಕಡೆ ಕೈಗಡಿಯಾರ ತಟ್ಟಿದ ಸದ್ದು ಕೇಳಿತು.

"ಇಪ್ಪತ್ತು ನಿಮಿಷ," ಅಂದರು. "ನಾನೇ ಅಲ್ಲಿಗೆ ಬರ್ತೀನಿ. ಇಪ್ಪತ್ತೊಂದು ಅಂದ್ರೆ ಇಲ್ಲ."

ಮೂರನ್ನೂ ನಿಲ್ಲಿಸಿದ ಮೇಲೆ ಯಂತ್ರದ ಗಾಳಿಪಂಖದ ಗದ್ದಲ ಇಳಿಯಿತು. ಕೋಣೆಯಲ್ಲಿ ಉಸಿರಾಟವೂ ಕೇಳುವಷ್ಟು ಮೌನ. ಹತ್ತು ಐವತ್ತೈದಕ್ಕೆ ನಕಲು ಶುರುವಾಯಿತು. ಹೆಸರು ಕಳಕೊಂಡ ಕಡತಗಳಿಗೆ ಬರೀ ಅಂಕಿಗಳಿದ್ದವು, ಹನ್ನೊಂದು, ಹದಿನೇಳು, ಇಪ್ಪತ್ಮೂರು. ಯಾವುದರೊಳಗೆ ಏನಿದೆ ಎಂದು ಇಣುಕಿ ನೋಡಿ, ಒಂದೊಂದನ್ನೇ ಹೊರಗೆ ತಂದು, ಮರುಹೆಸರು ಇಟ್ಟಳು. ತಾಯಂದಿರ ಪಟ್ಟಿ ಸಿಕ್ಕಿತು. ಬಾಟಲಿಗಳ ಪಟ್ಟಿ ಸಿಕ್ಕಿತು, ಅದು ದೊಡ್ಡದು, ಸಾಗಲೊಲ್ಲದು. ಪರದೆಯ ಮೇಲಿನ ಗೆರೆ ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಬೇಗ ಹೋಗು ಅಂತ ಬೇಡಿಕೊಂಡರೆ ಯಂತ್ರ ಕೇಳುತ್ತದೆಯೇ. ಅವಳು ಬೇಡಿಕೊಂಡಳು.

ಗಡಿಯಾರ ಬಂದು ಗೋಡೆಗೊರಗಿ ನಿಂತಿದ್ದರು. ಹತ್ತು ನಿಮಿಷವಾದಾಗ ಒಮ್ಮೆ, ಹದಿನೈದಾದಾಗ ಒಮ್ಮೆ ಹೊತ್ತು ಹೇಳಿದರು. ಬಾಗಿಲಾಚೆ ಲೈಟಣ್ಣ ಯಾರಿಗೋ, "ಒಳಗೆ ಆಪರೇಷನ್ ನಡೀತಿದೆ ಕಣ್ರೀ, ಆಮೇಲೆ ಬನ್ನಿ," ಎಂದು ಕಳಿಸುತ್ತಿದ್ದ. ಹಾಲಿನಕ್ಕ ಕೆಳಗೆ ಹೋಗಿ ಮಕ್ಕಳನ್ನು ನೋಡಿ ಮತ್ತೆ ಬಂದಳು. ಒಂಬತ್ತನೇ ತೊಟ್ಟಿಲಿನ ಕೂಸು ಬೆರಳು ಚೀಪಲು ಶುರುಮಾಡಿದೆ ಎಂದಷ್ಟೇ ಹೇಳಿದಳು.

ಇಪ್ಪತ್ತು ನಿಮಿಷವಾಯಿತು. ಪರೀಕ್ಷೆಯ ಪಟ್ಟಿಗಳು ಇನ್ನೂ ಬಾಕಿ. ವಾರಕ್ಕೊಂದರಂತೆ ಐದಿದ್ದವು. ಅವೇ ಮುಖ್ಯ.

ಸರ್ವರಮ್ಮ ತಿರುಗಿ ನೋಡಲಿಲ್ಲ. ಕೇಳುವ ಧೈರ್ಯವಿರಲಿಲ್ಲ, ಬೆನ್ನಲ್ಲೇ ಕಾಯುತ್ತಿದ್ದಳು. ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ನನ್ನ ವಾಚು ಈಚೆಗೆ ಸ್ವಲ್ಪ ಮುಂದೆ ಓಡ್ತಿದೆ," ಅಂದರು ಗಡಿಯಾರ. "ಐದಾರು ನಿಮಿಷ ಇರಬಹುದು. ಮಾಡಮ್ಮ ನೀನು."

ಹಾಲಿನಕ್ಕ ಅವರತ್ತ ನೋಡಿದಳು. ಅವರು ಚಾವಣಿ ನೋಡುತ್ತಿದ್ದರು.

ಮೊದಲ ವಾರದ ಪಟ್ಟಿ ಸಿಕ್ಕಿತು. ಎರಡನೆಯದು. ನಾಲ್ಕು. ಐದು. ಮೂರನೆಯದಕ್ಕಾಗಿ ಅವಳು ಇಡೀ ಸಾಲನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದಳು. ಇರಲಿಲ್ಲ. ಯಾಕೆ ಇಲ್ಲ ಎಂದು ಆಮೇಲೆ ಗೊತ್ತಾಯಿತು. ತಾಲೀಮಿನ ಕೋಣೆಗೆ ತಾನೇ ಮಿತಿ ಹಾಕಿದ್ದಳು, ಒಮ್ಮೆಗೆ ಇಂತಿಷ್ಟೇ ಕಡತ ತೆರೆದಿಟ್ಟುಕೋ, ಬಹಳ ಹೊತ್ತು ಬೇಡದ್ದನ್ನು ಮುಚ್ಚು ಎಂದು. ಒಂದು ಮನೆಯಲ್ಲಿ ಐವರಿರುವಾಗ ಕೈ ಬಿಗಿಹಿಡಿಯುವುದು ಒಳ್ಳೆಯ ಗುಣವೆಂದೇ ಅವಳು ತಿಳಿದಿದ್ದಳು. ಹಳೆಯ ಹಾಲು ಮೊದಲು ಕುಡಿಸುತ್ತಾರೆ, ಆ ಪಟ್ಟಿಗಳು ತೆರೆದಿದ್ದವು. ಹೊಸ ಹಾಲನ್ನು ಬರೆಯುತ್ತಿರುತ್ತಾರೆ, ಅವೂ ತೆರೆದಿದ್ದವು. ನಡುವಿನ ವಾರವನ್ನು ಎರಡು ದಿನದಿಂದ ಯಾರೂ ಕೇಳಿರಲಿಲ್ಲ. ಅದು ಮುಚ್ಚಿತ್ತು. ಮುಚ್ಚಿದ್ದನ್ನು ಯಾರೂ ಹಿಡಿದಿರಲಿಲ್ಲ.

ತಾಲೀಮನ್ನು ನಿಲ್ಲಿಸಿ, ಅದು ಕೈಬಿಟ್ಟು ತೆರವಾದ ಜಾಗದಲ್ಲಿ ತೆಗೆದದ್ದನ್ನೆಲ್ಲ ಹಳೆಯ ಹಾಲಿನ ಕೋಣೆಗೆ, ಅದರ ಸ್ವಂತ ಹೆಸರಿನ ಕೋಣೆಗೆ, ಸೇರಿಸಿ ಎಬ್ಬಿಸುವಾಗ ಹನ್ನೊಂದು ಮೂವತ್ತೆರಡು. ಹಾಲಿನಕ್ಕ ಕೆಳಗಿನಿಂದ ಫೋನಿನಲ್ಲಿ ಮೊದಲ ಬಾಟಲಿಯ ನಂಬರು ಹೇಳಿದಳು. ಪರದೆ ಯೋಚಿಸಿತು. ಆಮೇಲೆ ತೋರಿಸಿತು: ತಾಯಿಯ ನಂಬರು, ದಿನಾಂಕ, ಪಾಸು.

"ಬಂತು ಕಣೇ," ಅಂದಳು ಹಾಲಿನಕ್ಕ. ಫೋನಿನಲ್ಲಿ ಬಿಸಿನೀರಿನ ಪಾತ್ರೆಗೆ ಬಾಟಲಿ ಇಳಿಸಿದ ಸದ್ದು ಕೇಳಿತು. ಟಕ್, ಟಕ್, ಟಕ್. ಸರ್ವರಮ್ಮ ಒಂಬತ್ತರ ತನಕ ಎಣಿಸಿ, ಉಳಿದ ಮೂರು ಸಂಸಾರಗಳನ್ನೂ ಎಬ್ಬಿಸಿದಳು. ಗಡಿಯಾರ ಆಗಲೇ ಮೆಟ್ಟಿಲಿಳಿದು ಹೋಗಿದ್ದರು, ಅವರ ವರದಿಗಳು ಮೂವತ್ತೈದು ನಿಮಿಷ ತಡವಾಗಿದ್ದವು.

ಆದರೆ ಮೂರನೇ ವಾರದ ಮೂವತ್ತೊಂದು ಬಾಟಲಿ ಉಳಿದವು. ತಾಯಿ ಯಾರೆಂದು ಗೊತ್ತಿತ್ತು, ಪಾಸೋ ಫೇಲೋ ಗೊತ್ತಿರಲಿಲ್ಲ. ಕೆಟ್ಟ ಐದರಲ್ಲಿ ಮೂರು ಬೇರೆ ವಾರಗಳಲ್ಲಿ ಸಿಕ್ಕಿದವು. ಉಳಿದ ಎರಡು ಈ ಮೂವತ್ತೊಂದರೊಳಗೆ. ಒಮ್ಮೆ ಕಾಯಿಸಿ ಮುಚ್ಚಿದ ಬಾಟಲಿಯನ್ನು ಮತ್ತೆ ತೆರೆದು ಪರೀಕ್ಷಿಸಿದರೆ ಅದು ಮಕ್ಕಳಿಗೆ ಬರುವುದಿಲ್ಲ. ಎಲ್ಲವನ್ನೂ ಚೆಲ್ಲಬೇಕು.

ಮಧ್ಯಾಹ್ನ ಹಾಲಿನಕ್ಕ ಪಟ್ಟಿ ಹಿಡಿದು ಮೇಲೆ ಬಂದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ಒಬ್ಬಳೇ ತಾಯಿಯ ಏಳು ಬಾಟಲಿ.

"ಬುಧವಾರದವಳದು," ಅಂದಳು. "ಅವಳ ಕೂಸು ಹೋಯ್ತಲ್ಲ, ಅದೇ ವಾರದ್ದು."

ಬುಧವಾರದ ತಾಯಿ ಎಲ್ಲರಿಗೂ ಗೊತ್ತು. ಹತ್ತೊಂಬತ್ತು ದಿನ ಬದುಕಿದ ಮಗು ಅವಳದು. ಹೋದ ಮೇಲೂ ಎದೆಯಲ್ಲಿ ಹಾಲು ನಿಲ್ಲಲಿಲ್ಲ. ಅವಳು ಅದನ್ನು ತಂದುಕೊಡುವುದನ್ನೂ ನಿಲ್ಲಿಸಲಿಲ್ಲ. ಬುಧವಾರ ನಾಲ್ಕಕ್ಕೆ ನೀಲಿ ಚೀಲ ಹಿಡಿದು ಬರುತ್ತಾಳೆ.

"ಇವತ್ತು ನಾನು ಹೇಳ್ತೀನಿ ಬಿಡು, ನೀನು ಮನೆಗೆ ಹೋಗು. ಮುಖ ನೋಡ್ಕೋ ಹೇಗಾಗಿದೆ," ಅಂದಳು ಹಾಲಿನಕ್ಕ.

"ಅಳಿಸಿದ್ದು ನಾನಕ್ಕ."

ನಾಲ್ಕಕ್ಕೆ ಅವಳು ಹಾಲಿನ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಬುಧವಾರದ ತಾಯಿ ಬಂದಳು. ಸಣ್ಣ ವಯಸ್ಸು, ತಲೆ ಸರಿಯಾಗಿ ಬಾಚಿಕೊಂಡಿದ್ದಳು. ಸರ್ವರಮ್ಮ ಸುತ್ತು ಬಳಸದೆ ಹೇಳಿದಳು: ಏನಾಯಿತು, ಯಾರ ತಪ್ಪು, ಎಷ್ಟು ಬಾಟಲಿ, ಯಾವ ವಾರದ್ದು. ಹೇಳುತ್ತಾ ಅವಳ ದನಿ ಎರಡು ಕಡೆ ಒಡೆಯಿತು. ಆ ಹುಡುಗಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡಳು.

"ಉಳಿದ ಮಕ್ಕಳಿಗೆ ಇವತ್ತು ಹಾಲು ಸಿಕ್ತಾ?"

"ಸಿಕ್ತು. ಹನ್ನೆರಡಕ್ಕೆ ಸರಿಯಾಗಿ."

ತಲೆಯಾಡಿಸಿದಳು.

"ಆ ಏಳು ಚೆಲ್ಲಿ ಆಯ್ತಾ?"

"ಇಲ್ಲ. ಕರಗೋಕೆ ಇಟ್ಟಿದ್ದೀವಿ."

"ನಾನೇ ಚೆಲ್ಲಲಾ?"

ಹಾಲಿನಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಲ್ಲಿನ ತೊಟ್ಟಿಯ ಪಕ್ಕ ಏಳು ಬಾಟಲಿ ಸಾಲಾಗಿದ್ದವು. ಆ ಹುಡುಗಿ ತೋಳು ಮಡಚಿ ಒಂದೊಂದರ ಮುಚ್ಚಳ ತೆಗೆದು, ನಿಧಾನವಾಗಿ, ಸದ್ದಾಗದ ಹಾಗೆ ಬಗ್ಗಿಸಿದಳು. ಐದನೆಯದನ್ನು ಬಗ್ಗಿಸುವಾಗ ಕೈ ನಿಂತಿತು. ಸರ್ವರಮ್ಮ ಹತ್ತಿರ ಹೋಗಿ ಬಾಟಲಿಯ ತಳಕ್ಕೆ ತನ್ನ ಕೈ ಕೊಟ್ಟಳು. ಉಳಿದವನ್ನು ಇಬ್ಬರೂ ಸೇರಿ ಚೆಲ್ಲಿದರು. ನಲ್ಲಿ ತಿರುಗಿಸಿ ತೊಟ್ಟಿ ತೊಳೆದರು.

ಆಮೇಲೆ ಆ ಹುಡುಗಿ ಕೈ ಒರೆಸಿಕೊಂಡು ನೀಲಿ ಚೀಲದಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಈ ಸಲ ಕಡಿಮೆ. ಬತ್ತುತ್ತಾ ಇದೆ ಅನ್ಸುತ್ತೆ," ಅಂದಳು.

ಸರ್ವರಮ್ಮ ಎರಡರ ನಂಬರನ್ನೂ ಯಂತ್ರಕ್ಕೆ ಹಾಕಿದಳು. ಜೇಬಿನಿಂದ ಧೂಳಿನ ಚೀಟಿ ತೆಗೆದು, ಅದರ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಅದೇ ನಂಬರುಗಳನ್ನು, ಒದ್ದೆ ಕೈಗೂ ಕಲಸಿಹೋಗದ ಹಾಗೆ ಒತ್ತಿ ಬರೆದಳು. ಹಾಲಿನಕ್ಕ ಅದನ್ನು ಇಸಿದುಕೊಂಡು ಫ್ರೀಜರಿನ ಬಾಗಿಲಿಗೆ, ನಾಲ್ಕು ಮೂಲೆಗೂ ಅಂಟು ಪಟ್ಟಿ ಹಾಕಿ, ಅಂಟಿಸಿದಳು.